ಒಂದೇ ಪಂದ್ಯಕ್ಕೆ ಮುಗಿಯುವ ವರ್ಷ: ನಮ್ಮ ವಿಶ್ವವಿದ್ಯಾಲಯಗಳ ಫುಟ್ಬಾಲ್ ಮತ್ತು ಅದರ ಹಣ

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಉತ್ತರಕ್ಕೆ ಹೊರಟು ಕೂಳೂರು ಸೇತುವೆ ದಾಟಿದರೆ ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಇನ್ನಷ್ಟು ಮುಂದೆ ಮುಕ್ಕದಲ್ಲಿ ಶ್ರೀನಿವಾಸ ವಿಶ್ವವಿದ್ಯಾಲಯ. ದಕ್ಷಿಣಕ್ಕೆ ಹೊರಟು ನೇತ್ರಾವತಿ ದಾಟಿ ತೊಕ್ಕೊಟ್ಟಿನಲ್ಲಿ ಎಡಕ್ಕೆ ಹೊರಳಿದರೆ ದೇರಳಕಟ್ಟೆಯಲ್ಲಿ 2008ರಲ್ಲಿ ಡೀಮ್ಡ್ ಸ್ಥಾನ ಪಡೆದ ನಿಟ್ಟೆ ಮತ್ತು ಯೇನೆಪೋಯ, ಅಲ್ಲಿಂದಾಚೆ ಕೊಣಾಜೆಯ ಗುಡ್ಡದ ಮೇಲೆ 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯ. ಪೇಟೆಯೊಳಗಿನ ಸಂತ ಅಲೋಶಿಯಸ್ 1880ರ ಕಾಲೇಜು. 2024ರಿಂದ ಅದೂ ಡೀಮ್ಡ್ ವಿಶ್ವವಿದ್ಯಾಲಯ. ಕೊಟ್ಟಾರದ ಮಗ್ಗುಲಲ್ಲೇ ಇರುವ ಕುಂಟಿಕಾನದ ಎ.ಜೆ. ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಡ್ಯಾರಿನ ಸಹ್ಯಾದ್ರಿ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಟಿಯುಗೆ. ಇಷ್ಟು ಸಣ್ಣ ಸುತ್ತಳತೆಯಲ್ಲಿ ಇಷ್ಟೊಂದು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಓದುವ ಊರು ಕರ್ನಾಟಕದಲ್ಲಿ ಬೆಂಗಳೂರನ್ನು ಬಿಟ್ಟರೆ ಹೆಚ್ಚಿಲ್ಲ. ಇವುಗಳಲ್ಲಿ ಬಹುತೇಕ ಎಲ್ಲ ಕಡೆಯೂ ಫುಟ್ಬಾಲ್ ಆಡುವ ಹುಡುಗರಿದ್ದಾರೆ, ಈಚೆಗೆ ಹುಡುಗಿಯರೂ ಇದ್ದಾರೆ. ಆದರೂ ಇವುಗಳ ತಂಡಗಳು ದೇಶದ ಮಟ್ಟದಲ್ಲಿ ಹೆಸರು ಮಾಡಿದ್ದು ಕಡಿಮೆ. ಗೆಲ್ಲದ ತಂಡಕ್ಕೆ ಯಾರು, ಎಲ್ಲಿಂದ, ಯಾಕೆ ಹಣ ಹಾಕಬೇಕು ಎಂಬ ಪ್ರಶ್ನೆ ಪ್ರತಿವರ್ಷ ಬಜೆಟ್ ಹೊತ್ತಿಗೆ ಏಳುತ್ತದೆ, ಉತ್ತರ ಸಿಗದೆಯೇ ಆ ವರ್ಷದ ಕಡತ ಮುಚ್ಚುತ್ತದೆ. ಹಣ ಕಡಿಮೆ ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಇರುವ ಹಣ ಹೋಗುವ ದಾರಿಯನ್ನು ಹಿಂಬಾಲಿಸಿ ನೋಡಿದರೆ, ಅದರಿಂದ ಆಟ ಹೆಚ್ಚಾಗುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಹಣದ ಬರಕ್ಕಿಂತ ಪಂದ್ಯಗಳ ಬರ ದೊಡ್ಡದು, ಮೊದಲನೆಯದನ್ನು ನೀಗಿಸಬೇಕಾದರೆ ಎರಡನೆಯದರಿಂದ ಶುರು ಮಾಡಬೇಕು ಎಂಬುದು ಇಲ್ಲಿನ ವಾದ.

ಮೊದಲು ಹಣದ ಮೂಲ. ನಮ್ಮ ಕಾಲೇಜುಗಳಲ್ಲಿ ಫುಟ್ಬಾಲ್ ನಡೆಸುವುದು ಪ್ರವೇಶದ ಹೊತ್ತಿಗೆ ವಿದ್ಯಾರ್ಥಿ ಕಟ್ಟುವ ಕ್ರೀಡಾ ಶುಲ್ಕ. ರಶೀದಿಯಲ್ಲಿ ಗ್ರಂಥಾಲಯ, ಪ್ರಯೋಗಾಲಯ, ವಾಚನಾಲಯ, ಮ್ಯಾಗಜಿನ್ ಎಂಬ ಸಾಲುಗಳ ನಡುವೆ ಅದೂ ಒಂದು ಸಾಲು. ಅದರಲ್ಲಿ ಒಂದಂಶ ಕಾಲೇಜಿನಲ್ಲೇ ಉಳಿಯುತ್ತದೆ, ಇನ್ನೊಂದಂಶ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೆ ಹೋಗುತ್ತದೆ. ಕಾಲೇಜಿನ ಪಾಲು ಚೆಂಡು, ಬಲೆ, ಜೆರ್ಸಿ, ಅಂತರ ಕಾಲೇಜು ಕೂಟಗಳ ಪ್ರಯಾಣಕ್ಕೆ. ವಿಶ್ವವಿದ್ಯಾಲಯದ ಪಾಲು ಆಯ್ಕೆಯಾದ ತಂಡದ ತರಬೇತಿ ಶಿಬಿರ, ದಕ್ಷಿಣ ವಲಯ ಕೂಟಕ್ಕೆ ಹೋಗಿಬರುವ ಖರ್ಚು, ದಿನಭತ್ಯೆ, ಟ್ರ್ಯಾಕ್‌ಸೂಟುಗಳಿಗೆ. ಸಾವಿರ ವಿದ್ಯಾರ್ಥಿಗಳ ಕಾಲೇಜೊಂದು ತಲಾ ಇನ್ನೂರು ರೂಪಾಯಿ ಉಳಿಸಿಕೊಳ್ಳುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವರ್ಷಕ್ಕೆ ಎರಡು ಲಕ್ಷವಾಯಿತು. ಕಬಡ್ಡಿ, ವಾಲಿಬಾಲ್, ಕ್ರಿಕೆಟ್, ಥ್ರೋಬಾಲ್, ಶಟ್ಲ್, ಚೆಸ್, ಅಥ್ಲೆಟಿಕ್ಸ್, ವಾರ್ಷಿಕ ಕ್ರೀಡಾಕೂಟ ಎಲ್ಲಕ್ಕೂ ಅದೇ ಎರಡು ಲಕ್ಷ. ಹಿಂದೆ ಯುಜಿಸಿ ಪಂಚವಾರ್ಷಿಕ ಯೋಜನೆಗಳಡಿ ಕ್ರೀಡಾ ಮೂಲಸೌಕರ್ಯಕ್ಕೆ ನೆರವು ಕೊಡುತ್ತಿತ್ತು. ನಮ್ಮ ಕಾಲೇಜುಗಳ ಎಷ್ಟೋ ಒಳಾಂಗಣ ಅಂಕಣಗಳು, ವ್ಯಾಯಾಮಶಾಲೆಗಳು ಆ ಹಣದಲ್ಲಿ ಎದ್ದವು. ಹನ್ನೆರಡನೆಯ ಯೋಜನೆ 2017ರಲ್ಲಿ ಮುಗಿಯಿತು, ಯೋಜನೆಗಳ ಪದ್ಧತಿಯೂ ಮುಗಿಯಿತು. ಉಳಿದದ್ದು ಶುಲ್ಕ, ಆಡಳಿತ ಮಂಡಳಿಯ ಔದಾರ್ಯ, ಹಳೆ ವಿದ್ಯಾರ್ಥಿಗಳ ಅಭಿಮಾನ, ಮತ್ತು ಜೆರ್ಸಿಯ ಬೆನ್ನಿನ ಮೇಲೆ ಹೆಸರು ಹಾಕಿಸಿಕೊಳ್ಳುವ ಜವಳಿ ಅಂಗಡಿಯವರು, ಹೋಟೆಲಿನವರು.

ಈ ಹಣ ಎಲ್ಲಿ ಕರಗುತ್ತದೆ ಎಂದು ನೋಡಲು ಒಂದು ಅಂತರ ಕಾಲೇಜು ಕೂಟದ ಖರ್ಚಿನ ಹಾಳೆಯನ್ನೇ ಎದುರಿಗಿಟ್ಟುಕೊಳ್ಳಬಹುದು. ಶಾಮಿಯಾನ, ಕುರ್ಚಿ, ಮೈಕು. ಉದ್ಘಾಟನೆಗೆ ಒಂದು ವೇದಿಕೆ, ಸಮಾರೋಪಕ್ಕೆ ಅದೇ ವೇದಿಕೆಗೆ ಹೊಸ ಬ್ಯಾನರ್. ಅತಿಥಿಗಳಿಗೆ ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ. ಬಂದ ತಂಡಗಳಿಗೆ ಮಧ್ಯಾಹ್ನದ ಊಟ. ವಿಜೇತರಿಗೆ, ರನ್ನರ್ಸ್‌ಗೆ, ಉತ್ತಮ ಗೋಲಿಗೆ, ಉತ್ತಮ ರಕ್ಷಣಾ ಆಟಗಾರನಿಗೆ ಟ್ರೋಫಿಗಳು. ಇವೆಲ್ಲ ಆದಮೇಲೆ ಹಾಳೆಯ ಕೆಳತುದಿಯಲ್ಲಿ ತೀರ್ಪುಗಾರರ ಸಂಭಾವನೆ, ಸುಣ್ಣದ ಗೆರೆ ಎಳೆದವನ ಕೂಲಿ, ಎರಡು ಚೆಂಡು. ಕೂಟ ನಡೆಸಿದ ಕಾಲೇಜನ್ನು ಇದಕ್ಕಾಗಿ ದೂರುವಂತಿಲ್ಲ, ಯಾಕೆಂದರೆ ದಾನಿಗಳು ಕೊಡುವುದು ವೇದಿಕೆಗೆ, ಅಭ್ಯಾಸಕ್ಕಲ್ಲ. ಆದರೆ ಫಲವೇನೆಂದರೆ ಕೂಟವನ್ನು ಒಂದೆರಡು ದಿನದಲ್ಲಿ ಮುಗಿಸಲೇಬೇಕು. ಒಂದೆರಡು ದಿನದಲ್ಲಿ ಮುಗಿಸಬೇಕಾದರೆ ನಾಕೌಟ್ ಬಿಟ್ಟು ಬೇರೆ ದಾರಿಯಿಲ್ಲ. ನಾಕೌಟಿನ ಗಣಿತ ಬಲು ಕಠೋರ. ಮೂವತ್ತೆರಡು ತಂಡ ಬಂದರೆ ಒಟ್ಟು ಮೂವತ್ತೊಂದು ಪಂದ್ಯ. ಹದಿನಾರು ತಂಡ ಮೊದಲ ಪಂದ್ಯಕ್ಕೇ ಮನೆಗೆ. ಸಮಯ ಉಳಿಸಲು ಪಂದ್ಯದ ಅವಧಿಯನ್ನೂ ಕಡಿತ ಮಾಡುವ ರೂಢಿಯಿದೆ. ಅಂದರೆ ಅರ್ಧದಷ್ಟು ಕಾಲೇಜುಗಳ ಪಾಲಿಗೆ ಇಡೀ ಶೈಕ್ಷಣಿಕ ವರ್ಷದ ಅಧಿಕೃತ ಫುಟ್ಬಾಲ್ ಎಂದರೆ ಬೆಳಗ್ಗೆ ಒಂಬತ್ತೂವರೆಗೆ ಶುರುವಾಗಿ ಹನ್ನೊಂದರೊಳಗೆ ಮುಗಿದುಹೋಗುವ ಒಂದು ಪಂದ್ಯ. ದುರ್ಬಲ ತಂಡ ದುರ್ಬಲವಾಗಿಯೇ ಉಳಿಯಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ: ಯಾರಿಗೆ ಪಂದ್ಯದ ಅನುಭವ ಅತ್ಯಂತ ಅಗತ್ಯವೋ ಅವರನ್ನೇ ಮೊದಲು ಹೊರಗೆ ಕಳಿಸಲಾಗುತ್ತದೆ.

ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋದರೂ ಇದೇ ಕಥೆ, ದೂರ ಮಾತ್ರ ಹೆಚ್ಚು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಫುಟ್ಬಾಲ್ ಮೊದಲು ವಲಯದ ಹಂತದಲ್ಲಿ ನಡೆದು, ಅಲ್ಲಿ ಮೇಲೆ ಬಂದ ತಂಡಗಳು ಅಖಿಲ ಭಾರತ ಕೂಟಕ್ಕೆ, ಸರ್ ಆಶುತೋಷ್ ಮುಖರ್ಜಿ ಟ್ರೋಫಿಗಾಗಿ ಹೋಗುತ್ತವೆ. ದಕ್ಷಿಣ ವಲಯದಲ್ಲಿ ಕೇರಳ, ತಮಿಳುನಾಡಿನ ಬಲಾಢ್ಯ ತಂಡಗಳಿವೆ. ಇಪ್ಪತ್ತು ಮಂದಿ ಆಟಗಾರರು, ಒಬ್ಬ ತರಬೇತುದಾರ, ಒಬ್ಬ ವ್ಯವಸ್ಥಾಪಕ ರೈಲು ಹತ್ತಿ ನೂರಾರು ಕಿಲೋಮೀಟರ್ ಹೋಗಿ, ಮೊದಲ ಅಥವಾ ಎರಡನೆಯ ಸುತ್ತಿನಲ್ಲಿ ಸೋತು ಮರಳುತ್ತಾರೆ. ರೈಲ್ವೆ ಹಿಂದೆ ಇಂಥ ಕೂಟಗಳಿಗೆ ಹೋಗುವ ಕ್ರೀಡಾಪಟುಗಳಿಗೆ ಸ್ಲೀಪರ್ ದರ್ಜೆಯಲ್ಲಿ ಶೇ. 75ರಷ್ಟು ರಿಯಾಯಿತಿ ಕೊಡುತ್ತಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಹಲವು ರಿಯಾಯಿತಿಗಳ ಜೊತೆ ಅದನ್ನೂ ನಿಲ್ಲಿಸಲಾಯಿತು. ಒಬ್ಬಂಟಿ ಓಟಗಾರನಿಗೆ ಅದು ಕೆಲವು ನೂರು ರೂಪಾಯಿಯ ವ್ಯತ್ಯಾಸ. ಇಪ್ಪತ್ತೆರಡು ಮಂದಿಯ ತಂಡಕ್ಕೆ ಬಜೆಟ್ಟನ್ನೇ ಅಲ್ಲಾಡಿಸುವ ಮೊತ್ತ. ಹೀಗೆ ಕಟ್ಟಿದ ಶುಲ್ಕದ ದೊಡ್ಡ ಭಾಗ ರೈಲು, ಬಸ್ಸು, ಊಟ, ವಸತಿಗೆ ಹೋಗಿ, ಆಡಿದ ನಿಮಿಷಗಳ ಲೆಕ್ಕ ಮಾಡಿದರೆ ಕೈಗೆ ಸಿಕ್ಕುವುದು ಅಲ್ಪ.

ಹಣ ಹಾಕುವವರು ಫುಟ್ಬಾಲನ್ನು ಬಿಟ್ಟು ಬೇರೆಡೆ ನೋಡುವುದಕ್ಕೂ ಗಟ್ಟಿ ಕಾರಣವಿದೆ. 2022ರ ಏಪ್ರಿಲ್–ಮೇಯಲ್ಲಿ ಬೆಂಗಳೂರಿನಲ್ಲಿ ನಡೆದ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ ಗೆದ್ದು ಅಗ್ರಸ್ಥಾನಕ್ಕೇರಿತು. ಅದರಲ್ಲಿ ಏಳು ಚಿನ್ನ ಈಜುಗಾರ ಶಿವ ಶ್ರೀಧರ್ ಒಬ್ಬರದೇ. ಅದೇ ಕೂಟದಲ್ಲಿ ಪುರುಷರ ಫುಟ್ಬಾಲ್‌ಗೆ ಇದ್ದದ್ದು ಒಂದೇ ಒಂದು ಚಿನ್ನ. ಪದಕಪಟ್ಟಿಯನ್ನು ಗುರಿಯಾಗಿಟ್ಟುಕೊಂಡ ಯಾವ ಆಡಳಿತಗಾರನೂ ಇಪ್ಪತ್ತು ಮಂದಿಯನ್ನು ಸಾಕಿ ಒಂದು ಪದಕದ ಸಾಧ್ಯತೆಗೆ ಕಾಯುವ ಬದಲು ನಾಲ್ಕು ಈಜುಗಾರರನ್ನೋ ಐದು ಓಟಗಾರರನ್ನೋ ಆರಿಸುತ್ತಾನೆ. ಅದರಲ್ಲಿ ತಪ್ಪೂ ಇಲ್ಲ. ನಮ್ಮ ಜಿಲ್ಲೆಯ ಅತಿದೊಡ್ಡ ಯಶಸ್ಸು ಇದೇ ದಾರಿಯಲ್ಲಿ ಬಂದದ್ದು. ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ದೇಶದ ಮೂಲೆಮೂಲೆಯ ಕ್ರೀಡಾಪಟುಗಳಿಗೆ ಉಚಿತ ಶಿಕ್ಷಣ, ಊಟ, ವಸತಿ ಕೊಟ್ಟು, ಅವರ ಬಲದಿಂದ ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ದೇಶದ ಮುಂಚೂಣಿಗೆ ಬಂತು. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲೇ ನಡೆದ ಎಂಬತ್ತನೆಯ ಕೂಟದಲ್ಲಿ ಸಮಗ್ರ ಪ್ರಶಸ್ತಿಯೂ ಅದರದಾಯಿತು. ಕೂಲಿಕಾರರ, ಸಣ್ಣ ರೈತರ ಮಕ್ಕಳು ಅಲ್ಲಿ ಓಡಿ ಪದವಿಯನ್ನೂ ಪಡೆದು ಕೆಲಸಕ್ಕೆ ಸೇರಿದ್ದಾರೆ. ಆ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ಅನ್ಯಾಯ. ಆದರೆ ಈ ಮಾದರಿ ಫುಟ್ಬಾಲ್‌ಗೆ ಒಗ್ಗುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಒಂದೇ ಸಂಸ್ಥೆಯಲ್ಲಿ ಅತ್ಯುತ್ತಮರನ್ನು ಒಟ್ಟುಗೂಡಿಸಿದರೆ ಓಟಗಾರ ಗಡಿಯಾರದ ಜೊತೆ ಪೈಪೋಟಿ ಮಾಡಿಯಾದರೂ ಬೆಳೆಯುತ್ತಾನೆ. ಫುಟ್ಬಾಲ್ ತಂಡಕ್ಕೆ ಎದುರಾಳಿ ಬೇಕು. ಸುತ್ತಲಿನ ಹತ್ತು ಕಾಲೇಜುಗಳ ತಂಡ ಸೊರಗಿದರೆ ಹನ್ನೊಂದನೆಯ ಕಾಲೇಜಿನ ಬಲಿಷ್ಠ ತಂಡವೂ ಒಂದೆರಡು ವರ್ಷದಲ್ಲಿ ಅಲ್ಲೇ ನಿಂತುಬಿಡುತ್ತದೆ.

ಇನ್ನೊಂದು ಬೆಂಬಲವೂ ಕುಸಿದಿದೆ, ಅದರ ಬಗ್ಗೆ ಮಾತು ಕಡಿಮೆ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. ಕ್ರೀಡಾ ಕೋಟಾದ ಬ್ಯಾಂಕ್ ಕೆಲಸ ಇಲ್ಲಿನ ಕಾಲೇಜು ಕ್ರೀಡೆಯ ಅಘೋಷಿತ ವಿದ್ಯಾರ್ಥಿವೇತನವಾಗಿತ್ತು; ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್, ಕಬಡ್ಡಿ ತಂಡಗಳ ಹೆಸರು ಹಳಬರಿಗೆಲ್ಲ ಗೊತ್ತು. ಮಗ ಮೈದಾನಕ್ಕೆ ಹೋದರೆ ಮುಂದೊಂದು ದಿನ ಕೌಂಟರಿನ ಹಿಂದೆ ಕೂರಬಹುದು ಎಂಬ ಭರವಸೆ ಇದ್ದದ್ದರಿಂದ ಮನೆಯವರು ಬೂಟಿಗೆ ದುಡ್ಡು ಕೊಡುತ್ತಿದ್ದರು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾದಲ್ಲಿ, ಮುಂದಿನ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್‌ನಲ್ಲಿ ಲೀನವಾದವು. ಊರಿನ ಹುಡುಗರನ್ನು ಊರಿನವರೇ ಗುರುತಿಸಿ ಕರೆದುಕೊಳ್ಳುತ್ತಿದ್ದ ಆ ಸಲಿಗೆ ಹೋಯಿತು. ಫುಟ್ಬಾಲ್‌ಗೆ ಈ ಬಾಗಿಲು ಮೊದಲೂ ಇಕ್ಕಟ್ಟಿನದೇ ಆಗಿತ್ತು. ಎಚ್‌ಎಎಲ್, ಐಟಿಐಯಂಥ ತಂಡಗಳು ಬೆಂಗಳೂರಿನಲ್ಲಿದ್ದವು, ಇಲ್ಲಿನವರು ಅಲ್ಲಿಯ ತನಕ ತಲುಪುವುದು ಕಷ್ಟವಿತ್ತು.

ಇದೆಲ್ಲದರ ಮೇಲೆ ವಿಶ್ವವಿದ್ಯಾಲಯವೆಂಬ ವ್ಯವಸ್ಥೆಯೇ ಚೂರಾಗುತ್ತಿದೆ. ಒಂದು ಕಾಲದಲ್ಲಿ ದಕ್ಷಿಣ ಕನ್ನಡ, ಉಡುಪಿ, ಕೊಡಗು ಮೂರೂ ಜಿಲ್ಲೆಗಳ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ದೊಡ್ಡ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತವಾದವು, ತಮ್ಮ ಪರೀಕ್ಷೆ ತಾವೇ ನಡೆಸತೊಡಗಿದವು, ಪರೀಕ್ಷಾ ಶುಲ್ಕ ಅಲ್ಲಿಯೇ ಉಳಿಯಿತು. ಅಲೋಶಿಯಸ್ ಪೂರ್ತಿಯಾಗಿ ಹೊರಬಿತ್ತು. 2023ರಲ್ಲಿ ಚಿಕ್ಕ ಅಳುವಾರದ ಸ್ನಾತಕೋತ್ತರ ಕೇಂದ್ರವೇ ಕೊಡಗು ವಿಶ್ವವಿದ್ಯಾಲಯವಾಗಿ, ಆ ಜಿಲ್ಲೆಯ ಕಾಲೇಜುಗಳು ಅದರ ಪಾಲಾದವು. ಆ ಹೊತ್ತಿಗೆ ರಾಜ್ಯದಲ್ಲಿ ಹುಟ್ಟಿದ ಹೊಸ ವಿಶ್ವವಿದ್ಯಾಲಯಗಳಿಗೆ ಸಿಕ್ಕಿದ್ದು ತಲಾ ಎರಡು ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಇಂಥ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸಿನವರೆಗೂ ಹೋಯಿತು. ಮಂಗಳೂರು ವಿಶ್ವವಿದ್ಯಾಲಯವೇ ನಿವೃತ್ತರ ಪಿಂಚಣಿಗೆ, ಅತಿಥಿ ಉಪನ್ಯಾಸಕರ ಗೌರವಧನಕ್ಕೆ ಪರದಾಡಿದ್ದು ಪತ್ರಿಕೆಗಳಲ್ಲಿ ಬಂದಿದೆ. ಆಟದ ಮೇಲೆ ಇದರ ಪರಿಣಾಮ ನೇರ. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿ ಬೆಳೆದ ಕೊಡಗಿನ ಹುಡುಗ ಮೊದಲು ಮಂಗಳೂರು ವಿಶ್ವವಿದ್ಯಾಲಯ ತಂಡಕ್ಕೆ ಅರ್ಹನಾಗಿದ್ದ. ಈಗ ಕೆಲವೇ ಕಾಲೇಜುಗಳ ನಡುವೆ ಆಯ್ಕೆ ಮಾಡಿದ ಪುಟ್ಟ ವಿಶ್ವವಿದ್ಯಾಲಯದ ತಂಡದಲ್ಲಿ ಆಡಬೇಕು. ಮಂಗಳೂರಿನ ಎಂಜಿನಿಯರಿಂಗ್ ಹುಡುಗ ವಿಟಿಯು ಆಯ್ಕೆಗೆ ಎಲ್ಲೋ ದೂರ ಹೋಗಬೇಕು, ಎಂಬಿಬಿಎಸ್ ಹುಡುಗ ಇನ್ನೆಲ್ಲಿಗೋ. ಪಕ್ಕಪಕ್ಕದ ಮನೆಯ ಇಬ್ಬರು ಗೆಳೆಯರು ಸಂಜೆ ಟರ್ಫಿನಲ್ಲಿ ಒಟ್ಟಿಗೆ ಆಡುತ್ತಾರೆ, ಆದರೆ ಅವರ ವಿಶ್ವವಿದ್ಯಾಲಯಗಳು ಎದುರುಬದುರಾಗಬೇಕಾದರೆ ದಕ್ಷಿಣ ವಲಯದ ಡ್ರಾ ಕೈಹಿಡಿಯಬೇಕು.

ಸಣ್ಣ ವಿಶ್ವವಿದ್ಯಾಲಯ, ಸೋಲುವ ತಂಡ, ಬರಿದಾದ ಖಜಾನೆ ಎಂಬ ಸಂಕಟ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಇದರ ದೊಡ್ಡ ರೂಪ ಕಾಣುತ್ತದೆ. ಅಲ್ಲಿನ ಫುಟ್ಬಾಲ್ ಬೇರೆಯದೇ ಆಟ, ಹಣದ ಪ್ರಮಾಣವೂ ಬೇರೆ. ಆದರೆ ಅಲ್ಲಿಯೂ ದೂರದರ್ಶನದ ಹಣ ದೊಡ್ಡ ತಂಡಗಳಿಗೆ ಹೋಗುತ್ತದೆ, ಸಣ್ಣ ಸರ್ಕಾರಿ ವಿಶ್ವವಿದ್ಯಾಲಯಗಳು ಕ್ರೀಡಾ ವೆಚ್ಚದ ಅರ್ಧಕ್ಕೂ ಮಿಕ್ಕಿ ಭಾಗವನ್ನು ವಿದ್ಯಾರ್ಥಿ ಶುಲ್ಕ ಮತ್ತು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದಲೇ ತುಂಬುತ್ತವೆ. ಇನ್ನೊಂದು ಮೂಲ ವಿಚಿತ್ರವಾದದ್ದು: ದೊಡ್ಡ ತಂಡದ ತವರಿಗೆ ಹೋಗಿ ಸೋತು ಬರಲು ಒಪ್ಪಿ ಅದಕ್ಕೆ ಚೆಕ್ ಪಡೆಯುವುದು. 2007ರಲ್ಲಿ ಅಪಲೇಷಿಯನ್ ಸ್ಟೇಟ್ ಎಂಬ ಸಣ್ಣ ವಿಶ್ವವಿದ್ಯಾಲಯ ನಾಲ್ಕು ಲಕ್ಷ ಡಾಲರಿಗೆ ಮಿಷಿಗನ್‌ನ ಲಕ್ಷ ಪ್ರೇಕ್ಷಕರ ಕ್ರೀಡಾಂಗಣಕ್ಕೆ ಹೋಯಿತು, ಎಲ್ಲರ ನಿರೀಕ್ಷೆ ಸುಳ್ಳಾಗಿಸಿ 34–32ರಲ್ಲಿ ಗೆದ್ದೂ ಬಂತು. ಅಂಥ ಗೆಲುವು ಅಪರೂಪ, ಸೋಲಿನ ಚೆಕ್ಕೇ ವಾಡಿಕೆ. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರ 2014ರ ಡಿಸೆಂಬರ್‌ನಲ್ಲಿ ಖರ್ಚು ತಾಳಲಾರದೆ ತಂಡವನ್ನು ಮುಚ್ಚಿತು. ಊರಿನ ಜನ, ವ್ಯಾಪಾರಿಗಳು, ಹಳೆ ವಿದ್ಯಾರ್ಥಿಗಳು ಹಣ ಒಟ್ಟು ಮಾಡಿದ್ದರಿಂದ ಆರೇ ತಿಂಗಳಲ್ಲಿ ಮರುಜೀವದ ಘೋಷಣೆ ಬಂತು, 2017ರಲ್ಲಿ ತಂಡ ಮತ್ತೆ ಕಣಕ್ಕಿಳಿಯಿತು. ಚಿಕಾಗೊ ವಿಶ್ವವಿದ್ಯಾಲಯವಾದರೋ 1939ರಲ್ಲಿ ತನ್ನ ಹೆಸರಾಂತ ತಂಡವನ್ನೇ ಕೈಬಿಟ್ಟಿತು, ಅದರ ವಿದ್ವತ್ತಿನ ಕೀರ್ತಿಗೆ ಕುಂದೇನೂ ಬರಲಿಲ್ಲ. ಮೂರು ದಶಕದ ನಂತರ ಸಣ್ಣ ಮಟ್ಟದ ವಿಭಾಗದಲ್ಲಿ ಆಟವನ್ನು ಮರಳಿ ತಂದಿತು. ಈ ಮೂರರಲ್ಲಿ ನಮಗೆ ಉಪಯೋಗಕ್ಕೆ ಬರುವುದು ಚಿಕಾಗೊದ ಎರಡನೆಯ ನಿರ್ಧಾರ: ಗೆದ್ದು ಹೆಸರು ತರುವ ಹೊಣೆಯಿಂದ ಬಿಡುಗಡೆ ಮಾಡಿದ ಮೇಲೆ ಆಟ ತನ್ನ ಯೋಗ್ಯತೆಗೆ ತಕ್ಕ ಖರ್ಚಿನಲ್ಲಿ ಬದುಕಬಲ್ಲದು.

ಇನ್ನು ನೆರೆಯ ಕೇರಳ. ಕಲ್ಲಿಕೋಟೆ ವಿಶ್ವವಿದ್ಯಾಲಯ ಆಶುತೋಷ್ ಟ್ರೋಫಿಯನ್ನು ಮತ್ತೆಮತ್ತೆ ಗೆದ್ದದ್ದಕ್ಕೆ ಅಲ್ಲಿನವರ ರಕ್ತದಲ್ಲೇ ಫುಟ್ಬಾಲ್ ಇದೆ ಎಂಬ ವಿವರಣೆ ಸುಲಭದ್ದು. ಖರ್ಚು ಹಂಚಿಕೊಂಡ ರೀತಿ ನೋಡಿದರೆ ಬೇರೆ ಸಂಗತಿ ಕಾಣುತ್ತದೆ. ರಾಜ್ಯ ಕ್ರೀಡಾ ಮಂಡಳಿ ಕಾಲೇಜುಗಳಿಗೆ ಅಂಟಿದಂತೆ ಕ್ರೀಡಾ ವಸತಿನಿಲಯ ನಡೆಸಿ ಊಟ–ವಸತಿಯ ಹೊರೆ ಹೊರುತ್ತದೆ. ಕಾಲೇಜು ಮೈದಾನ, ಪಾಠ, ಹಾಜರಾತಿ ನೋಡಿಕೊಳ್ಳುತ್ತದೆ. ನವೆಂಬರಿನಿಂದ ಮೇವರೆಗೆ ಮಲಪ್ಪುರಂನಿಂದ ಕಾಸರಗೋಡಿನವರೆಗೆ ನಡೆಯುವ, ಏಳು ಮಂದಿಯ ತಂಡಗಳ ಸೆವೆನ್ಸ್ ಕೂಟಗಳಲ್ಲಿ ಆಟಗಾರನಿಗೆ ಪಂದ್ಯಕ್ಕಿಷ್ಟು ಎಂದು ಕೈಗೆ ಕಾಸು ಸಿಗುತ್ತದೆ. ಸೆವೆನ್ಸ್‌ನ ಒರಟು ಆಟದಿಂದ ಕಾಲು ಮುರಿದುಕೊಂಡವರೂ ಇದ್ದಾರೆ, ಅದನ್ನು ಆದರ್ಶವೆನ್ನಲಾಗದು. ಆದರೂ ಅಲ್ಲಿನ ಹುಡುಗ ವರ್ಷದ ಆರು ತಿಂಗಳು ಜನರ ಮುಂದೆ ಆಡುತ್ತಲೇ ಇರುತ್ತಾನೆ. ನಮ್ಮ ಮಂಜೇಶ್ವರ, ಉಪ್ಪಳ, ಮೊಗ್ರಾಲಿನ ಹುಡುಗರು ಮಂಗಳೂರಿನ ಕಾಲೇಜುಗಳಿಗೆ ಬಂದಾಗ ಜೊತೆಗೆ ತರುವುದು ಆ ಆರು ತಿಂಗಳನ್ನು. ಇಲ್ಲಿಯ ಕಾಲೇಜು ತಂಡಗಳಲ್ಲಿ ಗಡಿಯಾಚೆಯ ಆಟಗಾರರು ಎದ್ದು ಕಾಣುವುದಕ್ಕೆ ಅದೇ ಕಾರಣ.

ಹೀಗಿರುವಾಗ ಮಾಡಬಹುದಾದದ್ದು ಏನು? ಕೊಟ್ಟಾರವನ್ನು ನಡುವಿಟ್ಟು ನೋಡಿದರೆ ಸುತ್ತಲ ಮೂವತ್ತು ಕಿಲೋಮೀಟರಿನೊಳಗೆ ಎಂಟು ತಂಡ ಸಿಗುತ್ತವೆ: ಮಂಗಳೂರು ವಿಶ್ವವಿದ್ಯಾಲಯ, ಅಲೋಶಿಯಸ್, ಯೇನೆಪೋಯ, ನಿಟ್ಟೆ, ಶ್ರೀನಿವಾಸ, ಎನ್‌ಐಟಿಕೆ, ವಿಟಿಯು ಕಾಲೇಜುಗಳ ಒಂದು ಜಂಟಿ ತಂಡ, ವೈದ್ಯಕೀಯ ಕಾಲೇಜುಗಳ ಇನ್ನೊಂದು. ಎಂಟು ತಂಡಗಳ ಒಂದು ಸುತ್ತಿನ ಲೀಗ್ ಎಂದರೆ 28 ಪಂದ್ಯ, ಪ್ರತಿ ತಂಡಕ್ಕೂ ಏಳು. ವಾರಾಂತ್ಯಕ್ಕೆ ನಾಲ್ಕು ಪಂದ್ಯದಂತೆ ಏಳು ವಾರಾಂತ್ಯ ಸಾಕು. ತೀರ್ಪುಗಾರರು, ಗೆರೆ, ಚೆಂಡು, ನೀರು, ಪ್ರಥಮ ಚಿಕಿತ್ಸೆ ಸೇರಿ ಪಂದ್ಯವೊಂದಕ್ಕೆ ಆರು ಸಾವಿರವೆಂದು ಅಂದಾಜಿಸಿದರೆ ಇಡೀ ಲೀಗಿಗೆ 1,68,000 ರೂಪಾಯಿ. ಎಂಟಕ್ಕೆ ಹಂಚಿದರೆ ತಲಾ 21,000. ಹೋಲಿಕೆಗೆ, ಒಂದೇ ಒಂದು ತಂಡವನ್ನು ಐದು ದಿನ ಹೊರರಾಜ್ಯಕ್ಕೆ ಕಳಿಸಿ ತರುವ ಖರ್ಚು, ತಲಾ ಪ್ರಯಾಣ 1,500, ದಿನದ ಊಟ–ಓಡಾಟ 500, ಉಡುಪು 2,000 ಎಂದು ಹಿಡಿತದಲ್ಲಿ ಲೆಕ್ಕ ಹಾಕಿದರೂ, ಇಪ್ಪತ್ತು ಮಂದಿಗೆ 1,20,000. ಅದರ ಸುಮಾರು ಆರನೆಯ ಒಂದು ಭಾಗಕ್ಕೆ ಏಳು ಪಂದ್ಯ ಸಿಗುತ್ತವೆ. ವಲಯ ಕೂಟಕ್ಕೆ ಹೋಗಬಾರದು ಎಂದಲ್ಲ. ಏಳು ಪಂದ್ಯ ಆಡಿ ಹೋಗುವ ತಂಡ ಅಲ್ಲಿ ಎರಡು ಸುತ್ತು ಹೆಚ್ಚು ನಿಂತೀತು. ವಿಶ್ವವಿದ್ಯಾಲಯದೊಳಗೂ ಹೀಗೆಯೇ, ತಾಲೂಕಿಗೊಂದು ಪುಟ್ಟ ಲೀಗ್ ಮಾಡಿ ಪುತ್ತೂರಿನವರು ಪುತ್ತೂರಿನವರ ಜೊತೆ, ಬಂಟ್ವಾಳದವರು ಬಂಟ್ವಾಳದವರ ಜೊತೆ ಆಡಿದರೆ ವೇದಿಕೆ, ಶಾಲುಗಳ ಗೊಡವೆ ತಾನಾಗಿ ಕಳಚುತ್ತದೆ. ಹತ್ತಾರು ಸಲ ಆಗುವ ಪಂದ್ಯಕ್ಕೆ ಪ್ರತಿಸಲ ಉದ್ಘಾಟನೆ ಯಾರೂ ಮಾಡಿಸುವುದಿಲ್ಲ.

ಮೈದಾನ ಎಲ್ಲಿದೆ ಎಂದು ಕೇಳುವವರಿಗೆ ನೆಹರೂ ಮೈದಾನವಿದೆ. ಜಿಲ್ಲಾ ಫುಟ್ಬಾಲ್ ಸಂಸ್ಥೆ ಆಗಸ್ಟಿನ ಸುಮಾರಿಗೆ ಶಾಲಾ–ಕಾಲೇಜು ತಂಡಗಳಿಗೆ ಸ್ವಾತಂತ್ರ್ಯೋತ್ಸವ ಕಪ್ ನಡೆಸುವುದು ಅಲ್ಲಿಯೇ. ಕೆಸರಲ್ಲಿ ಜಾರುತ್ತಾ ಆಡುವ ಹುಡುಗರನ್ನು ಕೊಡೆ ಹಿಡಿದು ನಿಂತು ನೋಡುವ ಜನ ಈಗಲೂ ಇದ್ದಾರೆ. ಆದರೆ ಅದೇ ಮೈದಾನ ಸಮಾವೇಶಕ್ಕೆ, ವಸ್ತುಪ್ರದರ್ಶನಕ್ಕೆ, ಸರ್ಕಾರಿ ಸಮಾರಂಭಕ್ಕೆ ಬೇಕು. ಕಂಬ ನೆಟ್ಟ ಗುಂಡಿ, ಉಳಿದ ಮೊಳೆ ಆಟಗಾರನ ಪಾದಕ್ಕೆ ಸಿಕ್ಕುತ್ತವೆ. ಸ್ಮಾರ್ಟ್ ಸಿಟಿ ಹಣದಲ್ಲಿ ಉರ್ವದಲ್ಲಿ ಒಳಾಂಗಣ ಕ್ರೀಡಾಂಗಣ ಎದ್ದಿತು, ಮಂಗಳಾ ಕ್ರೀಡಾಂಗಣದಲ್ಲಿ ಓಟದ ಸಿಂಥೆಟಿಕ್ ಟ್ರ್ಯಾಕ್ ಇದೆ. ಹನ್ನೊಂದು ಮಂದಿಯ ಫುಟ್ಬಾಲ್‌ಗೆ ವರ್ಷವಿಡೀ ಮೀಸಲಾದ, ನೀರು ಬಸಿದುಹೋಗುವ ಒಂದು ಸಾರ್ವಜನಿಕ ಹುಲ್ಲಿನ ಅಂಗಳ ಮಾತ್ರ ಬೇಡಿಕೆಯಾಗಿಯೇ ಉಳಿದಿದೆ. ಹುಡುಗರು ಗಂಟೆಗಿಷ್ಟೆಂದು ತಾವೇ ಕೂಡಿಸಿ ಖಾಸಗಿ ಟರ್ಫಿನಲ್ಲಿ ಐವರ ಆಟ ಆಡುತ್ತಾರೆ. ಕಾಲೇಜಿಗೆ ಒಮ್ಮೆ ಕ್ರೀಡಾ ಶುಲ್ಕ, ಟರ್ಫಿಗೆ ಇನ್ನೊಮ್ಮೆ, ಒಂದೇ ಆಟಕ್ಕೆ ಎರಡು ಸಲ ಹಣ ಕಟ್ಟುವ ಈ ವಿದ್ಯಾರ್ಥಿಗಳೇ ನಿಜಕ್ಕೂ ನಮ್ಮ ಕಾಲೇಜು ಫುಟ್ಬಾಲಿನ ದೊಡ್ಡ ದಾನಿಗಳು. ಎಂಆರ್‌ಪಿಎಲ್, ಬಂದರು, ರಸಗೊಬ್ಬರ ಕಾರ್ಖಾನೆ ಇರುವ ಊರಿದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿ ಕ್ರೀಡಾ ತರಬೇತಿಯನ್ನು ಸಾಮಾಜಿಕ ಹೊಣೆಯ ವೆಚ್ಚದಲ್ಲಿ ಸೇರಿಸಿದೆ. ಒಂದು ತಂಡದ ಜೆರ್ಸಿಗೆ ಕೇಳುವ ಬದಲು ಎಂಟೂ ತಂಡಗಳ ಪರವಾಗಿ ಒಂದು ಅಂಗಳಕ್ಕೆ ಕೇಳಿದರೆ ಕೊಡುವವರಿಗೂ ತೋರಿಸಿಕೊಳ್ಳಲು ಏನಾದರೂ ಇರುತ್ತದೆ.

ಆಕ್ಷೇಪಗಳಲ್ಲಿ ಅತ್ಯಂತ ಭಾರವಾದದ್ದು ಪಿಂಚಣಿಯದು. ಮೂವತ್ತು ವರ್ಷ ದುಡಿದವರಿಗೆ ಕೊಡಲು ಹಣವಿಲ್ಲದ ವಿಶ್ವವಿದ್ಯಾಲಯ ಸೋಲುವ ತಂಡಕ್ಕೆ ಯಾಕೆ ಖರ್ಚು ಮಾಡಬೇಕು? ಸಾಮಾನ್ಯ ನಿಧಿಯಿಂದ ಫುಟ್ಬಾಲ್‌ಗೆ ಒಂದು ರೂಪಾಯಿಯೂ ಬೇಡ ಎಂಬುದನ್ನು ಒಪ್ಪಲು ಅಡ್ಡಿಯಿಲ್ಲ. ಆದರೆ ಕ್ರೀಡೆಗೆಂದು ಹೆಸರಿಟ್ಟು ವಿದ್ಯಾರ್ಥಿಯಿಂದ ಪಡೆದದ್ದು ಸಾಮಾನ್ಯ ನಿಧಿಯಲ್ಲ. ಸಂಕಟಕಾಲದಲ್ಲಿ ಅದು ಬೇರೆ ಖಾತೆಗಳ ತೂತು ಮುಚ್ಚಲು ಹೋಗದಂತೆ ಪ್ರತ್ಯೇಕ ಖಾತೆಯಲ್ಲಿಟ್ಟು, ಬಂದದ್ದೆಷ್ಟು, ಯಾವ ಆಟಕ್ಕೆ ಹೋದದ್ದೆಷ್ಟು ಎಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಸ್ವಾಯತ್ತ ಕಾಲೇಜುಗಳೂ ಡೀಮ್ಡ್ ವಿಶ್ವವಿದ್ಯಾಲಯಗಳೂ ಹಾಗೆಯೇ ಮಾಡಬೇಕು. ಆಟವಾಡದ ವಿದ್ಯಾರ್ಥಿ ಯಾಕೆ ಕಟ್ಟಬೇಕು ಎಂಬ ಇನ್ನೊಂದು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹದಿನೆಂಟು ಮಂದಿಯ ತಂಡವೊಂದಕ್ಕೆ ಮಾತ್ರ ಆ ಹಣ ಹೋದರೆ ಅವನ ಪ್ರಶ್ನೆ ನ್ಯಾಯವಾದದ್ದು. ಅದೇ ಹಣದಲ್ಲಿ ತರಗತಿಗೊಂದು ತಂಡ, ಎರಡನೆಯ ತಂಡ, ಹುಡುಗಿಯರ ತಂಡ ಆಡತೊಡಗಿದರೆ ಅವನೂ ಮೈದಾನಕ್ಕಿಳಿಯುವವನೇ. ಹುಡುಗಿಯರ ಫುಟ್ಬಾಲ್‌ಗೆ ಈಗ ಸಿಗುತ್ತಿರುವುದು ಉಳಿಕೆಯ ಹಣ. ಆಟಗಾರ್ತಿಯರಿಲ್ಲ ಎನ್ನುತ್ತಾ ತಂಡ ಕಟ್ಟುವುದಿಲ್ಲ, ತಂಡವಿಲ್ಲದೆ ಆಟಗಾರ್ತಿಯರು ಹುಟ್ಟುವುದಿಲ್ಲ. ಲೀಗಿಗೆ ಸೇರುವ ಪ್ರತಿ ಸಂಸ್ಥೆಯೂ ಎರಡು ತಂಡ ತರಬೇಕು ಎಂಬ ನಿಯಮ ಮೊದಲ ವರ್ಷದಿಂದಲೇ ಇರುವುದು ಒಳ್ಳೆಯದು.

ಕರಾವಳಿಯದು ಕಬಡ್ಡಿ, ವಾಲಿಬಾಲ್ ಊರು, ಇಲ್ಲಿ ಫುಟ್ಬಾಲ್‌ನ ಹಟ ಯಾಕೆ ಎನ್ನುವವರಿದ್ದಾರೆ. ಕಬಡ್ಡಿಯಿಂದ ಒಂದು ರೂಪಾಯಿ ಕಿತ್ತುಕೊಳ್ಳಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಲೀಗಿನ ಮಾತು ಕಬಡ್ಡಿಗೂ ಅಷ್ಟೇ ಅನ್ವಯಿಸುತ್ತದೆ. ಇನ್ನು ಕೆಲವರ ವಾದ, ಈಗ ಆಟಗಾರರನ್ನು ತಯಾರು ಮಾಡುವುದು ಕ್ಲಬ್ ಮತ್ತು ಅಕಾಡೆಮಿಗಳು, ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು ಎಂದು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ಆ ತಂಡದ ಬೆನ್ನಿಗಿದ್ದದ್ದು ಬೆಂಗಳೂರಿನ ಕ್ಲಬ್ ಲೀಗ್ ಎಂಬುದು ನಿಜ. ಆ ಗೆಲುವು ಈ ವಾದವನ್ನೇ ಬಲಪಡಿಸುತ್ತದೆ: ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ನಡೆಯುವ ವಿಭಾಗವಾರು ಲೀಗ್ ಇದೆ, ಮಂಗಳೂರಿನ ಕಾಲೇಜು ಹುಡುಗನಿಗೆ ಇಲ್ಲ. ವೃತ್ತಿಪರ ಆಟಗಾರ ಹದಿನೇಳಕ್ಕೇ ಅಕಾಡೆಮಿ ಸೇರಿರುತ್ತಾನೆ. ಹದಿನೆಂಟರಿಂದ ಇಪ್ಪತ್ತೈದರವರೆಗಿನ ಉಳಿದ ಸಾವಿರಾರು ಮಂದಿಗೆ ಆಟ ಸಿಗಬೇಕಾದದ್ದು ಅವರು ಓದುವ ಜಾಗದಲ್ಲಿ, ಬೇರೆಲ್ಲೂ ಅಲ್ಲ.

ಕಡೆಗೆ ಉಳಿಯುವುದು ಕ್ಯಾಲೆಂಡರಿನ ತಕರಾರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ಬೆನ್ನಿಗೆ ಸೆಮಿಸ್ಟರ್ ಪರೀಕ್ಷೆ, ಎಂಟು ವಿಶ್ವವಿದ್ಯಾಲಯಗಳಿಗೆ ಎಂಟು ವೇಳಾಪಟ್ಟಿ. ಇದು ಹುಸಿ ತೊಡಕಲ್ಲ. ಮಳೆಗಾಲದಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣಿನ ಮೈದಾನಗಳು ಕೆಸರಾಗುತ್ತವೆ, ಬೇಸಗೆಯಲ್ಲಿ ಅದೇ ಮಣ್ಣು ಮಂಡಿ ಸುಲಿಯುತ್ತದೆ. ಆದರೂ ಜನವರಿಯಿಂದ ಮಾರ್ಚ್ ನಡುವೆ, ಎರಡು ಪರೀಕ್ಷೆಗಳ ನಡುವಿನ ಬಿಡುವಿನಲ್ಲಿ, ಏಳು ಶನಿವಾರ–ಭಾನುವಾರ ಹುಡುಕುವುದು ಅಸಾಧ್ಯವಲ್ಲ. ಅದಕ್ಕೆ ಬೇಕಾದದ್ದು ಎಂಟು ಸಂಸ್ಥೆಗಳ ದೈಹಿಕ ಶಿಕ್ಷಣ ನಿರ್ದೇಶಕರು ಜೂನ್‌ನಲ್ಲೇ ಒಂದು ಮೇಜಿನ ಸುತ್ತ ಕೂರುವುದು. ಅನುದಾನಿತ ಕಾಲೇಜುಗಳಲ್ಲಿ ನಿವೃತ್ತರಾದ ಪಿಡಿಗಳ ಜಾಗಕ್ಕೆ ಹೊಸಬರು ಬರುವುದೇ ಅಪರೂಪವಾಗಿರುವ, ಇದ್ದವರು ಪ್ರವೇಶಾತಿ, ಶಿಸ್ತುಪಾಲನೆ, ಎನ್ನೆಸ್ಸೆಸ್ ಎಲ್ಲವನ್ನೂ ಹೊತ್ತಿರುವ ಈ ದಿನಗಳಲ್ಲಿ ಆ ಸಭೆ ಕರೆಯುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ಜಿಲ್ಲಾ ಫುಟ್ಬಾಲ್ ಸಂಸ್ಥೆಗೆ ತೀರ್ಪುಗಾರರೂ ಮೈದಾನದ ಪರಿಚಯವೂ ಇವೆ, ಮಂಗಳೂರು ವಿಶ್ವವಿದ್ಯಾಲಯಕ್ಕೆ ಹಿರಿತನವಿದೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಹಣವಿದೆ. ಮೊದಲ ವರ್ಷ ಎಂಟರ ಬದಲು ನಾಲ್ಕೇ ತಂಡ ಒಪ್ಪಿದರೂ ಆರು ಪಂದ್ಯವಾಗುತ್ತದೆ, ಪ್ರತಿಯೊಬ್ಬರಿಗೂ ಮೂರು. ಈಗ ಅರ್ಧದಷ್ಟು ಕಾಲೇಜುಗಳ ಹುಡುಗರು ವರ್ಷಕ್ಕೆ ಆಡುತ್ತಿರುವುದಕ್ಕಿಂತ ಅದು ಎರಡು ಹೆಚ್ಚು.